ಅರ್ಧ ಕೆಜಿ ಈಸ್ಟ್ ಪ್ಯಾಕೆಟ್: ಕತ್ತರಿ ಹಾಕುವ ಮುಂಚೆ ಓದಿ

ಗಾಳಿ ತೆಗೆದು ಇಟ್ಟಿಗೆ ಹಾಗೆ ಗಟ್ಟಿಯಾಗಿ ಪ್ಯಾಕ್ ಮಾಡಿದ ಇನ್‌ಸ್ಟಂಟ್ ಡ್ರೈ ಈಸ್ಟ್ ತಂದು ಐದು ತಿಂಗಳಾಯಿತು. ವಾರಕ್ಕೆ ಎರಡು ಸಲ ಬನ್, ಪಾವ್ ಮಾಡುತ್ತೇನೆ. ಇವತ್ತಿಗೂ ಒಂದು ಗಂಟೆಯಲ್ಲಿ ಹಿಟ್ಟು ಉಬ್ಬಿ ಪಾತ್ರೆಯ ಬಾಯಿಗೆ ಬರುತ್ತದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಮುಂಚೆ ಒಂದು ಅಂಗಡಿಯಲ್ಲಿ ತೆಳು ಪ್ಲಾಸ್ಟಿಕ್ ಕವರಿಗೆ ಬಿಡಿಯಾಗಿ ಕಟ್ಟಿಕೊಡುವ ಈಸ್ಟ್ ತರುತ್ತಿದ್ದೆ. ಹಿಟ್ಟು ಸರಿಯಾಗಿ ಉಬ್ಬುತ್ತಿರಲಿಲ್ಲ, ಸಾಲದ್ದಕ್ಕೆ ಸಡಿಲವಾಗಿ ಕೈಗೆಲ್ಲ ಅಂಟಿಕೊಳ್ಳುತ್ತಿತ್ತು. ನಾನು ಮೈದಾವನ್ನು ಬೈದು ಎರಡು ಸಲ ಬದಲಾಯಿಸಿದೆ. ಸಮಸ್ಯೆ ಇದ್ದದ್ದು ಈಸ್ಟಿನಲ್ಲಿ. ಸತ್ತ ಈಸ್ಟ್ ಕೋಶಗಳಿಂದ ಗ್ಲುಟಾಥಯೋನ್ ಎಂಬ ಸಣ್ಣ ಅಣು ಸೋರಿ, ಹಿಟ್ಟಿಗೆ ಬಿಗಿ ಕೊಡುವ ಗ್ಲುಟೆನ್ ಎಂಬ ಪ್ರೋಟೀನ್ ಎಳೆಗಳನ್ನು ಸಡಿಲ ಮಾಡುತ್ತದೆ. ಕೋಶ ಬದುಕಿದ್ದಾಗ ಅದನ್ನು ಆಮ್ಲಜನಕದ ಹೊಡೆತದಿಂದ ಕಾಯುವುದೂ ಇದೇ ಗ್ಲುಟಾಥಯೋನ್!

ಆಮ್ಲಜನಕ ಬಳಸುವಾಗ ಈಸ್ಟಿನೊಳಗೆ ಹೈಡ್ರೋಜನ್ ಪೆರಾಕ್ಸೈಡ್‌ನಂಥ ವಸ್ತುಗಳು ಹುಟ್ಟುತ್ತವೆ. ಜಾಸ್ತಿಯಾದರೆ ಪ್ರೋಟೀನ್, ಕೊಬ್ಬು, ಡಿಎನ್‌ಎ ಎಲ್ಲಾ ಕೆಡುತ್ತವೆ. ಒದ್ದೆಯಾಗಿರುವ ಜೀವಂತ ಕೋಶ ಸುಮ್ನೆ ಕೂರುವುದಿಲ್ಲ. ಜಿಪಿಎಕ್ಸ್3 ಎಂಬ ಪ್ರೋಟೀನ್ ಪೆರಾಕ್ಸೈಡನ್ನು ಗುರುತಿಸಿ ಯಾಪ್1 ಎಂಬ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಬೇರೆ ಹೊತ್ತಿನಲ್ಲಿ ಯಾಪ್1 ಕೋಶಕೇಂದ್ರದೊಳಗೆ ಹೋದರೂ ಅಲ್ಲಿ ನಿಲ್ಲಲು ಆಗುವುದಿಲ್ಲ, ಕೋಶ ಅದನ್ನು ಹೊರಗೆ ಸಾಗಹಾಕಿಬಿಡುತ್ತದೆ ಅನ್ನಿ. ಈಗ ಅದರ ಆಕಾರ ಬದಲಾಗಿ ಒಳಗೇ ಉಳಿದು, ಗ್ಲುಟಾಥಯೋನ್‌ಗೆ, ಹಾಗೇ ಕೋಶವನ್ನು ಕಾಯುವ ಥಯೋರೆಡಾಕ್ಸಿನ್ ಎಂಬ ಪ್ರೋಟೀನಿಗೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಸ್ವಲ್ಪ ಪೆರಾಕ್ಸೈಡ್ ತಾಗಿ ಹೀಗೆ ಸಜ್ಜಾದ ಕೋಶ ಆಮೇಲೆ ದೊಡ್ಡ ಪ್ರಮಾಣ ಬಂದರೂ ತಡೆದುಕೊಳ್ಳುತ್ತದೆ. ನನಗೆ ಇದು ತುಂಬಾ ಇಷ್ಟವಾದ ವಿಷಯ.

ಆದರೆ ಒಣ ಈಸ್ಟಿನಲ್ಲಿ ನೀರು ಶೇ. 5ರಷ್ಟು ಮಾತ್ರ. ಹೊಸ ಪ್ರೋಟೀನ್ ಕಟ್ಟಿಕೊಳ್ಳಲು ಆಗುವುದಿಲ್ಲ. ಒಣಗುವ ಮುಂಚೆ ಕೂಡಿಟ್ಟುಕೊಂಡ ಟ್ರೆಹಲೋಸ್ ಎಂಬ ಸಕ್ಕರೆಯೇ ಅದರ ಬುತ್ತಿ. ಗಾಳಿ, ಸೆಕೆ, ತೇವ ಹೊರಗಿಡುವ ಕೆಲಸ ಪ್ಯಾಕೆಟ್ಟೇ ಮಾಡಬೇಕು, ಅಲ್ವಾ? ಅದಕ್ಕೇ ಈ ಪ್ಯಾಕಿಂಗಿಗೆ ಕೊಟ್ಟ ದುಡ್ಡು ದಂಡ ಅನ್ನಿಸಲಿಲ್ಲ.

ತೆರೆದ ದಿನವೇ ಹೆಚ್ಚಿನ ಪಾಲನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ತುಂಬಿ ಫ್ರೀಜರಿಗೆ ಹಾಕಿದೆ. ಎರಡು ಚಮಚ ಮಾತ್ರ ಸ್ಟವ್ ಪಕ್ಕದ ಸಡಿಲ ಡಬ್ಬಿಯಲ್ಲಿ ಬಿಟ್ಟೆ. ಎರಡು ತಿಂಗಳ ನಂತರ ಎರಡನ್ನೂ ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಹಾಕಿ ನೋಡಿದೆ. ಫ್ರೀಜರಿನದ್ದು ಹತ್ತು ನಿಮಿಷದಲ್ಲಿ ದೋಸೆ ಹಿಟ್ಟಿನ ಹಾಗೆ ಮೇಲೆದ್ದು ಘಮ್ಮೆಂದಿತು. ಸ್ಟವ್ ಪಕ್ಕದ್ದರಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ, ತಳದಲ್ಲಿ ಕಂದು ಗಸಿ.

ಮೆಡಿಕಲ್ ಶಾಪಿನ ಪೆರಾಕ್ಸೈಡ್ ಹಾಕಿ, ನೊರೆ ಬಂದರೆ ಈಸ್ಟ್ ಜೀವಂತ ಅನ್ನುವವರಿದ್ದಾರೆ, ನಂಬಬೇಡಿ. ನಾನು ಹಾಕಿದಾಗ ಎರಡೂ ಬುಸ್ಸೆಂದು ಉಕ್ಕಿದವು. ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಕ್ಯಾಟಲೇಸ್ ಎಂಬ ಕಿಣ್ವ ಕೋಶ ಸತ್ತ ಮೇಲೂ ಕೆಲಸ ಮಾಡುತ್ತದೆ. ಸಕ್ಕರೆ ನೀರಿನ ಪರೀಕ್ಷೆಯೇ ಸರಿ.

ಅರ್ಧ ಅಂಕ ಕಳೆದದ್ದು ಪ್ಯಾಕೆಟ್ಟಿಗೆ ಮತ್ತೆ ಮುಚ್ಚುವ ಜಿಪ್ ಇಲ್ಲದ್ದಕ್ಕೆ. ತಿಂಗಳಿಗೊಮ್ಮೆ ಬ್ರೆಡ್ ಮಾಡುವವರು ಸಣ್ಣ ಸ್ಯಾಚೆ ತೆಗೆದುಕೊಳ್ಳಿ. ದೊಡ್ಡದೇ ತಂದರೆ ಚಮಚ ಒಣಗಿರಲಿ, ಬಾಟಲಿ ತಕ್ಷಣ ಫ್ರೀಜರಿಗೆ ವಾಪಸ್ ಹೋಗಲಿ.