ಚೋರ್ ಬಜಾರಿನ 8 ಎಂಎಂ ಮಾಲು: ಕ್ಯಾಮೆರಾಕ್ಕೆ ನಾಲ್ಕು ಸ್ಟಾರ್, ಪ್ರೊಜೆಕ್ಟರಿಗೆ ಎರಡು

ಮುಂಬಯಿಯ ಹಳೇ ಸಾಮಾನಿನ ಸಂತೆ ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಗ್ರಾಮಫೋನು, ಹಿತ್ತಾಳೆ ಲಾಟೀನುಗಳ ನಡುವೆ ಸಿನೆ-ಕೋಡಾಕ್ ಎಯ್ಟ್ ಎಂಬ ಹಳೇ 8 ಎಂಎಂ ಮೂವಿ ಕ್ಯಾಮೆರಾ ಕಂಡರೆ ಹೊಳಪಿಗೆ ಮರುಳಾಗಬೇಡಿ. ಪಾಲಿಶ್ ಅಲ್ಲಿ ಹತ್ತು ನಿಮಿಷದ ಕೆಲಸ. 1932ರಲ್ಲಿ ಬಂದ ಈ ಕ್ಯಾಮೆರಾದ ಜೀವ ಇರುವುದು ಸ್ಪ್ರಿಂಗ್‌ನಲ್ಲಿ. ಯಾವುದಾದರೂ ಹಾಳು ಫಿಲ್ಮಿಗೆ ಪೆನ್ನಿನ ಗುರುತು ಹಾಕಿ, ಚಾವಿ ಪೂರ್ತಿ ಕೊಟ್ಟು ಓಡಿಸಿ. ಸೆಕೆಂಡಿಗೆ 16 ಫ್ರೇಮ್, ಅಡಿಗೆ 80 ಫ್ರೇಮ್. ಹಾಗಾಗಿ 10 ಸೆಕೆಂಡಿಗೆ 2 ಅಡಿ ಸರಿಯಬೇಕು. ಒಂದೂವರೆ ಅಡಿಗೇ ನಿಂತರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ ಎಂದರ್ಥ. ಬಿಚ್ಚಿ ತೊಳೆದು ಹೊಸ ಗ್ರೀಸ್ ಹಚ್ಚಿದರೆ ಸರಿಹೋಗುತ್ತದೆ. ಅಂಗಡಿಯವರು ಹೊರಗಿನಿಂದಲೇ ಎಣ್ಣೆ ಬಿಡಲು ಹೋದರೆ ತಡೆಯಿರಿ, ಅದು ಹೋಗಿ ಶಟರ್ ಮೇಲೆ ಕೂರುತ್ತದೆ. ಎಷ್ಟು ತಿರುಗಿಸಿದರೂ ಚಾವಿ ಬಿಗಿಯಾಗದಿದ್ದರೆ ಅದು ಶೋಕೇಸಿಗಷ್ಟೇ.

ಮಾಡೆಲ್ 20ರದ್ದು ಎಫ್/3.5 ಲೆನ್ಸ್, ಫೋಕಸ್ ಬದಲಿಸುವಂತಿಲ್ಲ. ಹೆಚ್ಚು ಬೆಳಕು ಹಿಡಿಯುವ ಎಫ್/1.9ರ ಮಾಡೆಲ್ 60 ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಲೆನ್ಸಿಗೆ ಓರೆಯಾಗಿ ಮೊಬೈಲ್ ಟಾರ್ಚ್ ಹಿಡಿಯಿರಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಇಲ್ಲಿನ ಮಳೆಗಾಲದ ಪ್ರಸಾದ. ಒಳಗೆ 25 ಅಡಿಯ ಖಾಲಿ ಸ್ಪೂಲ್ ಇದೆಯೇ ನೋಡಿ. ಇದಕ್ಕೆ ಬೇಕಾದದ್ದು ಡಬಲ್-8 ಫಿಲ್ಮ್: ಅಗಲ 16 ಎಂಎಂ, ಒಮ್ಮೆ ಓಡಿಸಿ ಮಗುಚಿ ಹಾಕಿ ಮತ್ತೆ ಓಡಿಸಬೇಕು, ತೊಳೆದ (ಡೆವಲಪ್ ಮಾಡಿದ) ಮೇಲೆ ನಡುವೆ ಸೀಳುತ್ತಾರೆ. ಮಾಮೂಲಿ 16 ಎಂಎಂ ಫಿಲ್ಮಿನಲ್ಲಿ ಅರ್ಧದಷ್ಟೇ ತೂತುಗಳಿರುವುದರಿಂದ ಅದು ನಡೆಯದು.

ಪ್ರೊಜೆಕ್ಟರಿನಲ್ಲೇ ದುಡ್ಡು ಕೈಬಿಡುವುದು. ಅಮೆರಿಕದ ಮಾಲು 110-120 ವೋಲ್ಟಿನದು. ಅಂಗಡಿಯವರು ‘ಲಗಾಕೆ ದೇಖೋ’ (ಹಾಕಿ ನೋಡಿ) ಅಂದರೆಂದು ನೇರ ನಮ್ಮ 230ಕ್ಕೆ ಚುಚ್ಚಿದರೆ ಬಲ್ಬು ಅಲ್ಲೇ ಢಮಾರ್. ಬಲ್ಬು, ಮೋಟರು ಎರಡರ ವಾಟ್ ಕೂಡಿಸಿ, ಅದಕ್ಕಿಂತ ದೊಡ್ಡ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಖರ್ಚನ್ನೂ ರೇಟಿನಲ್ಲಿ ಕಳೆದೇ ಚೌಕಾಸಿ ಮಾಡಿ.

ಸೀಲ್ ಒಡೆಯದ ಕೋಡಾಕ್ರೋಮ್ ಬಣ್ಣದ ಫಿಲ್ಮಿನ ಡಬ್ಬಿಗೆ ಹೆಚ್ಚು ತೆರಬೇಡಿ. ಅದರ ಬಣ್ಣದ ಸಂಸ್ಕರಣೆಗೆ ರೋಲ್ ತೆಗೆದುಕೊಳ್ಳುವುದು 2010ರ ಡಿಸೆಂಬರಿಗೇ ಮುಗಿಯಿತು. ಈಗ ಕಪ್ಪು-ಬಿಳುಪಿನಲ್ಲಷ್ಟೇ ತೊಳೆಯಬಹುದು. ತೊಳೆದಿಟ್ಟ ಹಳೇ ಕೋಡಾಕ್ರೋಮ್ ರೋಲಿನ ಮಾತೇ ಬೇರೆ, ಕತ್ತಲಲ್ಲಿಟ್ಟಿದ್ದರೆ ಬಣ್ಣ ಇನ್ನೂ ಗಟ್ಟಿ. ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಹೊಡೆದರೆ ಮಾತ್ರ ಫಿಲ್ಮ್ ಕೆಡುತ್ತಿದೆ ಎಂದರ್ಥ, ಮುಚ್ಚಿ ವಾಪಸ್ ಕೊಡಿ. 16 ಎಂಎಂನಲ್ಲಿ ‘ಕಪ್ಪು-ಬಿಳುಪು’ ಎಂದು ಅಗ್ಗಕ್ಕೆ ಕೊಡುವ ರೋಲನ್ನು ಭೂತಗನ್ನಡಿಯಲ್ಲಿ ನೋಡಿ: ಉದ್ದಕ್ಕೂ ಸಣ್ಣ ಗೆರೆಗಳಿದ್ದರೆ ಅದು 1928ರಲ್ಲಿ ಬಂದ ಬಣ್ಣದ ಫಿಲ್ಮ್ ಕೋಡಾಕಲರ್ ಇರಬಹುದು. ಕೆಂಪು-ಹಸಿರು-ನೀಲಿ ಪಟ್ಟಿಯ ಫಿಲ್ಟರ್ ಹಾಕಿ ತೋರಿಸಿದರೆ ಮಾತ್ರ ಅದಕ್ಕೆ ಬಣ್ಣ.

ಮಾಟುಂಗಾ ಕಡೆಯವರಿಗೆ ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ ಹತ್ತಿರ. ಶುಕ್ರವಾರ ಅಂಗಡಿಗಳು ಮುಚ್ಚಿರುತ್ತವೆ, ಬೀದಿಯಲ್ಲಿ ಹಾಸಿದ ಮಾಲು ಮಾತ್ರ. ಜೊತೆಗೊಬ್ಬರು ಕನ್ನಡದವರಿದ್ದರೆ ರೇಟನ್ನು ಕನ್ನಡದಲ್ಲೇ ಮಾತಾಡಿಕೊಳ್ಳಬಹುದು. ಅಂಕಿಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಬೇಡಿ.