ಬ್ರಿಟನ್ನಿನ ‘ಕ್ಲೋಸಿಂಗ್ ಡೌನ್’ ಸೇಲ್: ಯಾವಾಗ ಹೋಗಬೇಕು, ಏನು ಕೊಳ್ಳಬೇಕು, ಯಾವುದರ ತಂಟೆಗೆ ಹೋಗಬಾರದು

ಬ್ರಿಟನ್ನಿನ ಹೈಸ್ಟ್ರೀಟ್‌ಗಳಲ್ಲಿ, ಅಂದರೆ ಊರಿನ ಮುಖ್ಯ ಅಂಗಡಿ ಬೀದಿಗಳಲ್ಲಿ, ಅಂಗಡಿ ಮುಚ್ಚುವ ಸೇಲ್ ಈಗ ಅಪರೂಪವಲ್ಲ. 2008ರ ಕೊನೆಗೆ ವೂಲ್‌ವರ್ತ್ಸ್‌ನ 800ಕ್ಕೂ ಹೆಚ್ಚು ಅಂಗಡಿಗಳು ಖಾಲಿಯಾದವು. 2012ರಲ್ಲಿ ಕಾಮೆಟ್, 2016ರಲ್ಲಿ ಬಿಎಚ್‌ಎಸ್, 2018ರಲ್ಲಿ ಟಾಯ್ಸ್ ಆರ್ ಅಸ್ ಮತ್ತು ಮ್ಯಾಪ್ಲಿನ್, 2021ರಲ್ಲಿ ಡೆಬೆನಮ್ಸ್, 2023ರಲ್ಲಿ ಸುಮಾರು 400 ಅಂಗಡಿಗಳ ವಿಲ್ಕೊ. ಪ್ರತಿ ಸಲವೂ ಗಾಜಿನ ಮೇಲೆ ಅದೇ ದೊಡ್ಡಕ್ಷರದ ಪೋಸ್ಟರು, ಬಾಗಿಲಲ್ಲಿ ಅದೇ ಸಾಲು. ಈ ಸೇಲ್ ಗ್ರಾಹಕರಿಗೆ ನಿಜಕ್ಕೂ ಲಾಭವೇ ಎಂದು ಕೇಳಿದರೆ, ಮೊದಲ ವಾರ ಬಹುಮಟ್ಟಿಗೆ ಇಲ್ಲ. ಕೊನೆಯ ಹತ್ತು ದಿನ, ಕೆಲವು ಸಾಮಾನುಗಳಿಗೆ ಮಾತ್ರ, ಹೌದು.

ಕಾರಣ ತಿಳಿಯಬೇಕಾದರೆ ಮಾರುತ್ತಿರುವವರು ಯಾರು ಎಂದು ನೋಡಬೇಕು. ಕಂಪನಿ ಅಡ್ಮಿನಿಸ್ಟ್ರೇಷನ್‌ಗೆ (ಸಾಲ ತೀರಿಸಲಾಗದ ಕಂಪನಿಯನ್ನು ಹೊರಗಿನ ತಜ್ಞರ ಕೈಗೊಪ್ಪಿಸುವ ಕಾನೂನು ಕ್ರಮ) ಹೋದ ದಿನದಿಂದ ಅಂಗಡಿಯ ಯಜಮಾನಿಕೆ ಅಡ್ಮಿನಿಸ್ಟ್ರೇಟರ್ ಕೈಗೆ ಬರುತ್ತದೆ. ಕಂಪನಿಗೆ ಸಾಲ ಕೊಟ್ಟವರಿಗೆ ಆದಷ್ಟು ಹಣ ವಾಪಸ್ ಬರುವಂತೆ ಮಾಡುವುದು ಅವರ ಹೊಣೆ. ಹಳೆಯ ಗಿರಾಕಿಗಳಿಗೆ ಉಪಕಾರ ಮಾಡುವುದು ಆ ಹೊಣೆಯೊಳಗೆ ಬರುವುದಿಲ್ಲ. ದೊಡ್ಡ ಸರಣಿ ಅಂಗಡಿಯಾದರೆ ಸ್ಟಾಕ್ ಖಾಲಿ ಮಾಡುವುದನ್ನೇ ವೃತ್ತಿಯಾಗಿಸಿಕೊಂಡ ಕಂಪನಿಯೊಂದನ್ನು ಕರೆಸುತ್ತಾರೆ. ಬೆಲೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ: ಮೊದಲು ಶೇ 10ರಿಂದ 30, ಆಮೇಲೆ 50, ಕಡೆಯ ದಿನಗಳಲ್ಲಿ 70, 80, 90. ಜನ ಹೆಚ್ಚು ನುಗ್ಗುವುದು ಸುದ್ದಿ ಬಂದ ವಾರದಲ್ಲಿ, ರಿಯಾಯಿತಿ ಅತಿ ಕಡಿಮೆ ಇರುವುದೂ ಆಗಲೇ.

ಶೇಕಡಾ ಎಷ್ಟು ಎಂದು ನೋಡುವ ಮೊದಲು, ಯಾವ ಬೆಲೆಯ ಮೇಲೆ ಶೇಕಡಾ ಎಂದು ನೋಡಿ. ಸೇಲ್ ಶುರುವಾಗುವಾಗ ಅಲ್ಲಿಯವರೆಗೆ ನಡೆಯುತ್ತಿದ್ದ ಆಫರ್‌ಗಳು ರದ್ದಾಗಿ, ಲೇಬಲ್ಲಿನ ಪೂರ್ಣ ಬೆಲೆಯೇ ಆಧಾರವಾಗುವುದುಂಟು. ಕೆಟಲ್ಲಿನ ಲೇಬಲ್ ಬೆಲೆ 40 ಪೌಂಡ್, ಹೋದ ತಿಂಗಳು ಅದೇ ಅಂಗಡಿಯಲ್ಲಿ ಆಫರ್ ಬೆಲೆ 28 ಎಂದಿಟ್ಟುಕೊಳ್ಳಿ. ಈಗ ‘ಶೇ 20 ಕಡಿತ’ದ ಪೋಸ್ಟರ್ ಕೆಳಗೆ ಅದು 32ಕ್ಕೆ ಸಿಗುತ್ತದೆ, ಅಂದರೆ 4 ಪೌಂಡ್ ಹೆಚ್ಚು. ಒಂದರ ಮೇಲೊಂದು ಸ್ಟಿಕ್ಕರ್ ಅಂಟಿಸಿದ್ದರೆ ಅಡಿಯದನ್ನು ಓದಿ. ಬಾರ್‌ಕೋಡ್ ಕೆಳಗಿನ ಸಂಖ್ಯೆಯನ್ನು ಫೋನಿನಲ್ಲಿ ಹುಡುಕಿ, ಬೇರೆಡೆ ಎಷ್ಟಿದೆ ನೋಡಿ. ಅರ್ಧ ನಿಮಿಷದ ಕೆಲಸ.

ಕೊಳ್ಳಲು ಯೋಗ್ಯವಾದವು ಕೆಡಲಾರದ, ರಿಪೇರಿ ಬೇಡದ ಸಾಮಾನುಗಳು: ಟವೆಲ್, ಬೆಡ್‌ಶೀಟ್, ಪಾತ್ರೆ, ಕಾಗದ, ಪೆನ್ನು, ತೋಟದ ಸಲಿಕೆ, ಮೊಳೆ, ಸ್ಕ್ರೂ. ಬಟ್ಟೆಯೂ ಸರಿಯೇ, ಆದರೆ ಟ್ರಯಲ್ ರೂಮ್ ಮುಚ್ಚಿರಬಹುದು, ವಾಪಸ್ ಕೊಡಲು ಅಂಗಡಿಯೇ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿ ಸರಿಹೊಂದುವ ಒಂದು ಷರ್ಟನ್ನು ಅಳೆದುಕೊಂಡು, ಟೇಪ್ ಹಿಡಿದು ಹೋಗಿ. ಪೇಂಟ್, ಅಂಟು, ಸೀಲೆಂಟ್‌ಗಳಲ್ಲಿ ತಯಾರಿಕೆಯ ದಿನಾಂಕ ನೋಡದೆ ಬುಟ್ಟಿಗೆ ಹಾಕಬೇಡಿ. ಪ್ರದರ್ಶನಕ್ಕಿಟ್ಟ ವಸ್ತುವಾದರೆ ಕ್ಯಾಷ್ ಕೌಂಟರ್‌ಗೆ ಹೋಗುವ ಮೊದಲೇ ರಿಮೋಟ್, ಅಡಾಪ್ಟರ್, ಸ್ಕ್ರೂ ಪೊಟ್ಟಣ ಇವೆಯೇ ಎಂದು ಎಣಿಸಿ ನೋಡಿ.

ನಮ್ಮ ಅಭಿಪ್ರಾಯದಲ್ಲಿ ಇಡೀ ಸೇಲ್‌ನಲ್ಲಿ ನಿಜವಾದ ಅಗ್ಗ ಇರುವುದು ಅಂಗಡಿಯ ಪೀಠೋಪಕರಣಗಳಲ್ಲಿ. ವೂಲ್‌ವರ್ತ್ಸ್ ಕೊನೆಗೆ ಶೆಲ್ಫುಗಳನ್ನೂ ಮಾರಿತು. ಈಗ ಅದು ರೂಢಿಯೇ ಆಗಿದೆ. ಸಣ್ಣ ಅಂಗಡಿ ಇಡುವವರಿಗೆ, ಗ್ಯಾರೇಜ್ ಜೋಡಿಸುವವರಿಗೆ ಈ ಉಕ್ಕಿನ ಶೆಲ್ಫುಗಳು ವರ್ಷಗಟ್ಟಲೆ ಬಾಳುತ್ತವೆ. ಜನ ತಪ್ಪುವುದು ಬಿಡಿಭಾಗದಲ್ಲಿ. ಒಂದು ಬೇ, ಅಂದರೆ ಶೆಲ್ಫುಗಳ ಒಂದು ಪೂರ್ತಿ ಘಟಕ, ನಿಲ್ಲಬೇಕಾದರೆ ಎರಡು ನೆಟ್ಟಗಿನ ಕಂಬ, ಅವುಗಳ ಕೆಳಗಿನ ಪಾದ, ಬೆನ್ನಿನ ಹಲಗೆಗಳು, ಶೆಲ್ಫು, ಪ್ರತಿ ಶೆಲ್ಫಿಗೆ ಎಡಕ್ಕೊಂದು ಬಲಕ್ಕೊಂದು ಬ್ರಾಕೆಟ್ ಎಲ್ಲವೂ ಬೇಕು. ಬಿಚ್ಚುವ ಗಡಿಬಿಡಿಯಲ್ಲಿ ಪಾದ, ಬ್ರಾಕೆಟ್‌ಗಳು ಮೊದಲು ಕಾಣೆಯಾಗುತ್ತವೆ. ಒಂದು ತಯಾರಕರ ಬ್ರಾಕೆಟ್ ಇನ್ನೊಬ್ಬರ ಕಂಬದ ತೂತಿಗೆ ಕೂರದಿರಬಹುದು. ಶೆಲ್ಫಿನ ಅಗಲ ಸಾಮಾನ್ಯವಾಗಿ 665, 1000 ಅಥವಾ 1250 ಮಿಲಿಮೀಟರ್. ಎರಡು ಅಳತೆ ಬೆರೆಸಿ ತಂದರೆ ಜೋಡಣೆಯಾಗುವುದಿಲ್ಲ. ಒಂದು ಬೇಯನ್ನು ಅಲ್ಲೇ ನಿಲ್ಲಿಸಿ ನೋಡಿ. ಬೆಲೆಯಲ್ಲಿ ಶೇ 20ರ ವ್ಯಾಟ್ ಸೇರಿದೆಯೇ, ಬಿಚ್ಚಿ ಸಾಗಿಸುವುದು ಯಾರ ಕೆಲಸ, ಯಾವ ದಿನದೊಳಗೆ, ಇಷ್ಟನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕೈಗೆ ತಕ್ಷಣ ಸಿಗದ ಯಾವುದಕ್ಕೂ ದುಡ್ಡು ಕೊಡಬೇಡಿ. ಸೋಫಾ, ಅಡುಗೆಮನೆಯ ಕಪಾಟು, ‘ಮೂರು ವಾರದಲ್ಲಿ ಡೆಲಿವರಿ’ ಎನ್ನುವ ಮಂಚ, ಇವಕ್ಕೆ ಮುಂಗಡ ಕೊಟ್ಟು ವಸ್ತು ಬಾರದಿದ್ದರೆ ಹಣ ಬರಬೇಕಾದವರ ಸಾಲಿನ ಕೊನೆಯಲ್ಲಿ ನಿಲ್ಲುವವರು ನೀವೇ. ಅಂಗಡಿಯ ಸ್ವಂತ ಬ್ರ್ಯಾಂಡಿನ ವಿದ್ಯುತ್ ಸಾಮಾನೂ ಬೇಡ, ಅದರ ವಾರಂಟಿ ಅಂಗಡಿಯ ಜತೆಗೇ ಹೋಗುವ ಸಂಭವವಿದೆ. ಬೇರೆ ತಯಾರಕರದಾದರೆ ತಯಾರಕರ ಗ್ಯಾರಂಟಿ ಉಳಿಯುತ್ತದೆ. ರಸೀದಿಯ ಫೋಟೊ ತೆಗೆದು, ಅಂದೇ ಅವರ ವೆಬ್‌ಸೈಟಿನಲ್ಲಿ ನೋಂದಾಯಿಸಿ.

‘ವಾಪಸ್ ಇಲ್ಲ’ ಎಂಬ ಬೋರ್ಡು ಕಾನೂನನ್ನು ಅಳಿಸುವುದಿಲ್ಲ. 2015ರ ಗ್ರಾಹಕ ಹಕ್ಕು ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು 30 ದಿನದೊಳಗೆ ತಿರಸ್ಕರಿಸಬಹುದು. ಆದರೆ ಬಾಗಿಲು ಮುಚ್ಚಿದ ಮೇಲೆ ಆ ಹಕ್ಕನ್ನು ಯಾರ ಮುಂದೆ ಚಲಾಯಿಸುವುದು? ಅದಕ್ಕೇ ಪಾವತಿಯ ವಿಧಾನ ಮುಖ್ಯ. ಒಂದೇ ವಸ್ತುವಿನ ಬೆಲೆ 100 ಪೌಂಡ್ ಮೀರಿ 30,000ದೊಳಗಿದ್ದು, ಅದರ ಒಂದು ಭಾಗವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ, 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯೂ ಹೊಣೆ. ಸರಿಯಾಗಿ 100 ಇದ್ದರೆ ಅನ್ವಯಿಸದು. ನಾಲ್ಕು ಸಣ್ಣ ಸಾಮಾನು ಸೇರಿ 120 ಆದರೂ ಅನ್ವಯಿಸದು. ಡೆಬಿಟ್ ಕಾರ್ಡಿಗೆ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳುವ ದಾರಿಯಿದೆ. ಅದು ಕಾನೂನಿನ ಹಕ್ಕಲ್ಲ, ಕಾರ್ಡ್ ಜಾಲದ ನಿಯಮ. ಗಡುವು ಸಾಮಾನ್ಯವಾಗಿ 120 ದಿನ. ನಗದು ಕೊಟ್ಟವರಿಗೆ ಈ ಎರಡೂ ಇಲ್ಲ.

ಗಿಫ್ಟ್ ಕಾರ್ಡ್ ಇದ್ದರೆ ಸುದ್ದಿ ಕೇಳಿದ ದಿನವೇ ಖರ್ಚು ಮಾಡಿ. ಅದನ್ನು ಒಪ್ಪಲೇಬೇಕೆಂಬ ಕಟ್ಟಳೆ ಅಡ್ಮಿನಿಸ್ಟ್ರೇಟರ್‌ಗೆ ಇಲ್ಲ. 2013ರ ಜನವರಿಯಲ್ಲಿ ಎಚ್‌ಎಂವಿ ಮೊದಲು ನಿರಾಕರಿಸಿ ಆಮೇಲೆ ಒಪ್ಪಿತು. 2020ರಲ್ಲಿ ಆರ್ಕೇಡಿಯಾ ಅಂಗಡಿಗಳಲ್ಲಿ ಬಿಲ್ಲಿನ ಅರ್ಧಕ್ಕೆ ಮಾತ್ರ ಕಾರ್ಡ್ ಬಳಸಬಹುದಿತ್ತು. 2023ರಲ್ಲಿ ಪೇಪರ್‌ಚೇಸ್ ಎರಡು ವಾರದ ಗಡುವು ಕೊಟ್ಟಿತು. ಹೆಸರು ಮತ್ತೆ ಕಾಣಿಸಿಕೊಂಡರೂ ನಂಬಿ ಕೂರಬೇಡಿ. ಡೆಬೆನಮ್ಸ್ ಹೆಸರನ್ನು 2021ರಲ್ಲಿ ಆನ್‌ಲೈನ್ ಬಟ್ಟೆ ಕಂಪನಿ ಬೂಹೂ 5.5 ಕೋಟಿ ಪೌಂಡಿಗೆ ಕೊಂಡಿತು, ಅಂಗಡಿಗಳನ್ನು ಕೊಳ್ಳಲಿಲ್ಲ. ಹೆಸರು ಕೊಂಡವರಿಗೆ ಹಳೆಯ ಕಂಪನಿಯ ಬಾಕಿ ತಾನಾಗಿ ಅಂಟುವುದಿಲ್ಲ.

ಮುಳುಗುವ ಸೂಚನೆ ಮೊದಲೇ ಕಾಣುತ್ತದೆ. ಸರಕು ಪೂರೈಸುವವರಿಗೆ ಸಾಲದ ವಿಮೆ (ಅಂಗಡಿ ದುಡ್ಡು ಕೊಡದಿದ್ದರೆ ತುಂಬಿಕೊಡುವ ವಿಮೆ) ಸಿಗದೆ ಹೋದಾಗ ಅವರು ಮುಂಗಡ ಕೇಳುತ್ತಾರೆ, ಕಂಪನಿಯ ಬಳಿ ಅಷ್ಟು ಕೈಗಾಸು ಇರುವುದಿಲ್ಲ, ಶೆಲ್ಫು ತೆಳುವಾಗುತ್ತದೆ. ಹಿಂದೆ ಖಾಲಿಯಿದ್ದು ಮುಂದೆ ಒಂದೇ ಸಾಲು ನಿಲ್ಲಿಸಿದ್ದರೆ, ಒಂದೇ ಸಾಮಾನು ಆರು ಅಡಿ ಹರಡಿದ್ದರೆ ಗಮನಿಸಿ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅಂಗಡಿ ಬಾಡಿಗೆ ಮೂರು ತಿಂಗಳದ್ದು ಮುಂಗಡವಾಗಿ ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25ಕ್ಕೆ ಬೀಳುವುದು ಹಳೆಯ ಪದ್ಧತಿ. ಆ ದಿನಗಳ ಆಸುಪಾಸಿನಲ್ಲಿ ಕೆಟ್ಟ ಸುದ್ದಿ ಹೆಚ್ಚು. ಮೇಲಿಂದ ಬಿಸಿನೆಸ್ ರೇಟ್ಸ್ ಎಂಬ ತೆರಿಗೆ. ಅದರ ಲೆಕ್ಕ ಕಟ್ಟಡದ ಬಾಡಿಗೆ ಮೌಲ್ಯದ ಮೇಲೆ, ವ್ಯಾಪಾರ ನಷ್ಟದಲ್ಲಿದ್ದರೂ ಕಟ್ಟಬೇಕು. ಇಂಗ್ಲೆಂಡಿನಲ್ಲಿ ಚಿಲ್ಲರೆ ಅಂಗಡಿಗಳಿಗಿದ್ದ ಶೇ 75ರ ವಿನಾಯಿತಿ 2025–26ರ ವರ್ಷಕ್ಕೆ 40ಕ್ಕಿಳಿದಿತ್ತು. ಇಷ್ಟು ಹೊರೆಯ ಮೇಲೆ ಆನ್‌ಲೈನ್ ಪೈಪೋಟಿಯನ್ನೂ ತಡೆದುಕೊಂಡು ನಿಂತಿರುವ ಅಂಗಡಿ ನಿಮ್ಮ ಬೀದಿಯಲ್ಲಿದ್ದರೆ ಇಂದೇ ಅಲ್ಲಿ ಕೊಳ್ಳಿ. ಸೇಲ್‌ನಲ್ಲಿ ಸುರಿಯುವ ದುಡ್ಡು ಅದನ್ನು ಉಳಿಸುವುದಿಲ್ಲ.

ಕೌಂಟರಿನಲ್ಲಿರುವವರ ಜೊತೆ ಚೌಕಾಸಿಗೆ ಇಳಿಯಬೇಡಿ. ಬೆಲೆ ಅವರ ಕೈಯಲ್ಲಿಲ್ಲ, ಕೆಲಸವೂ ಹೋಗುತ್ತಿದೆ. ಬಾಕಿ ಸಂಬಳದಲ್ಲಿ 800 ಪೌಂಡ್‌ವರೆಗೆ ಮಾತ್ರ ಅವರಿಗೆ ಆದ್ಯತೆ. ಮುಂದಿನ ಕಡಿತ ಯಾವಾಗ ಎಂದು ಮರ್ಯಾದೆಯಿಂದ ಕೇಳಿದರೆ ಎಷ್ಟೋ ಜನ ಹೇಳುತ್ತಾರೆ.

ವರ್ಷವಿಡೀ ‘ಮುಚ್ಚುತ್ತಿದ್ದೇವೆ’ ಎಂಬ ಬೋರ್ಡು ಹಾಕಿರುವ ಅಂಗಡಿಗಳು ಬೇರೆ. ಸುಳ್ಳು ಹೇಳಿ ಹಾಗೆ ಮಾರುವುದು ನಿಷಿದ್ಧ. ಕಂಪನಿಯ ಹೆಸರನ್ನು ಕಂಪನೀಸ್ ಹೌಸ್ (ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿ) ತಾಣದಲ್ಲೂ ಅಧಿಕೃತ ಪ್ರಕಟಣೆಗಳ ಪತ್ರಿಕೆ ದಿ ಗೆಜೆಟ್‌ನಲ್ಲೂ ಪುಕ್ಕಟೆಯಾಗಿ ಹುಡುಕಬಹುದು. ಅಡ್ಮಿನಿಸ್ಟ್ರೇಷನ್ ನಿಜವಾದರೆ ಪ್ರಕಟಣೆ ಇರುತ್ತದೆ.

ಈಗಾಗಲೇ ದುಡ್ಡು ಸಿಕ್ಕಿಬಿದ್ದಿದ್ದರೆ ಮೊದಲು ಕಾರ್ಡ್ ಕಂಪನಿಗೆ ಬರೆಯಿರಿ. ಅಲ್ಲಿ ಆಗದಿದ್ದರೆ ಆ ಪ್ರಕಟಣೆಯಲ್ಲಿರುವ ವಿಳಾಸಕ್ಕೆ ‘ಪ್ರೂಫ್ ಆಫ್ ಡೆಟ್’ ಅರ್ಜಿ, ಅಂದರೆ ಕಂಪನಿ ನಿಮಗೆ ಇಷ್ಟು ಕೊಡಬೇಕು ಎಂಬ ಹೇಳಿಕೆ, ಕಳಿಸಿ. ಅಡಮಾನ ಹಿಡಿದ ಬ್ಯಾಂಕು, ಅಡ್ಮಿನಿಸ್ಟ್ರೇಷನ್ ಖರ್ಚು, ನೌಕರರು, ತೆರಿಗೆ ಇಲಾಖೆ ಇವೆಲ್ಲ ನಿಮಗಿಂತ ಮುಂದಿರುವುದರಿಂದ ಪೌಂಡಿಗೆ ಕೆಲವು ಪೆನ್ಸ್ ಬಂದರೆ ಹೆಚ್ಚು. ಆದರೂ ಅರ್ಜಿಗೆ ಶುಲ್ಕವಿಲ್ಲ. ಬಿಲ್ಲಿನ ಪ್ರತಿ, ಆರ್ಡರ್ ಸಂಖ್ಯೆ, ಪಾವತಿಯ ದಾಖಲೆ ಮೂರನ್ನೂ ಲಗತ್ತಿಸಿ ಕಳಿಸಿ.