ಇಂಡೆಕ್ಸ್‌ನೌ ಮತ್ತು ಗೂಗಲ್ ಎಪಿಐ: ಸಣ್ಣ ಕನ್ನಡ ಸೈಟಿಗೆ ಯಾವುದು ಆಗಿಬರುತ್ತದೆ?

ಕನ್ನಡದಲ್ಲಿ ಅಡುಗೆಯ ಸೈಟ್ ನಡೆಸುತ್ತೇನೆ. ಹೊಸ ಪುಟ ಹಾಕಿದರೆ ಸರ್ಚ್ ಎಂಜಿನ್‌ಗೆ ಗೊತ್ತಾಗಬೇಕು, ಅಲ್ವಾ? ತಾನಾಗಿ ಬಂದು ನೋಡಲಿ ಅಂತ ಕಾಯುವ ಬದಲು ಎಪಿಐ (ಒಂದು ತಂತ್ರಾಂಶ ಇನ್ನೊಂದರ ಜೊತೆ ಮಾತಾಡುವ ದಾರಿ) ಮೂಲಕ ನಾವೇ ಸುದ್ದಿ ಮುಟ್ಟಿಸಬಹುದು. ಎರಡೂ ಕಡೆಯದನ್ನು ಜೋಡಿಸಿ ನೋಡಿದೆ.

ಸುಲಭದ್ದು ಇಂಡೆಕ್ಸ್‌ನೌ. 2021ರಲ್ಲಿ ಮೈಕ್ರೋಸಾಫ್ಟ್ ಬಿಂಗ್ ಮತ್ತು ಯಾಂಡೆಕ್ಸ್ ಸೇರಿ ತಂದದ್ದು. ಒಂದು ಕೀ (ಸೈಟ್ ನಮ್ಮದೇ ಅಂತ ತೋರಿಸುವ ಗುರುತಿನ ಅಕ್ಷರಸಾಲು) ಮಾಡಿಕೊಂಡು, ಅದನ್ನು ಟೆಕ್ಸ್ಟ್ ಫೈಲಿಗೆ ಹಾಕಿ ಸೈಟಿನಲ್ಲಿ ಇಟ್ಟರೆ ಮುಗೀತು. ಲಾಗಿನ್ ಬೇಡ, ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಒಂದೇ ಸಲಕ್ಕೆ 10,000 ಲಿಂಕ್ ಕಳಿಸಬಹುದು. ಒಂದು ಎಂಜಿನ್‌ಗೆ ಹೇಳಿದರೆ ಕೂಟದ ಉಳಿದವಕ್ಕೂ ಸುದ್ದಿ ಹೋಗುತ್ತದೆ. ಆದರೆ ಆ ಕೂಟದಲ್ಲಿ ಗೂಗಲ್ ಇಲ್ಲ.

ಕನ್ನಡ ಲಿಂಕ್ ಇಟ್ಟವರಿಗೆ ಇಲ್ಲೊಂದು ಸಣ್ಣ ತಲೆನೋವು. ಕಳಿಸುವ ಮುಂಚೆ ಲಿಂಕನ್ನು ಎನ್‌ಕೋಡ್ ಮಾಡಬೇಕು, ಅಂದರೆ ಕನ್ನಡ ಅಕ್ಷರಗಳನ್ನು ಸಂಕೇತಗಳಿಗೆ ಬದಲಿಸಬೇಕು. ಆಗ 'ರೊಟ್ಟಿ' ಅನ್ನುವ ಪುಟ್ಟ ಪದ ಶೇಕಡಾ ಚಿಹ್ನೆಗಳು ತುಂಬಿದ 54 ಅಕ್ಷರಗಳ ಬಾಲವಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕನ್ನಡ ಲಿಂಕ್ ಎಷ್ಟೋ ಸಲ ಮಾರುದ್ದ ಕಾಣುವುದೂ ಇದರಿಂದಲೇ.

ಗೂಗಲ್‌ನ ಇಂಡೆಕ್ಸಿಂಗ್ ಎಪಿಐ ಜೋಡಿಸುವುದೇ ದೊಡ್ಡ ಕೆಲಸ. ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ತೆರೆಯಬೇಕು, ಸರ್ವಿಸ್ ಅಕೌಂಟ್ (ಪ್ರೋಗ್ರಾಂ ಬಳಸುವ ಖಾತೆ) ಮಾಡಬೇಕು, ಅದರ ಇಮೇಲನ್ನು ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಮಾಲೀಕರಿಗೆ ಗೂಗಲ್ ಹುಡುಕಾಟದ ಲೆಕ್ಕ ತೋರಿಸುವ ಜಾಗ) ಮಾಲೀಕರ ಪಟ್ಟಿಗೆ ಸೇರಿಸಬೇಕು. ಮೊದಲಿಗೆ ಸಿಗುವ ಮಿತಿ ದಿನಕ್ಕೆ 200 ಲಿಂಕ್. ಇಷ್ಟಾದರೂ ಅದು ಇರುವುದು ಉದ್ಯೋಗ ಜಾಹೀರಾತು ಮತ್ತು ನೇರಪ್ರಸಾರದ ಪುಟಗಳಿಗೆ ಮಾತ್ರ. ಎಲ್ಲ ಪುಟಕ್ಕೂ ಬಳಸಿ ಅಂತ ಯೂಟ್ಯೂಬ್‌ನಲ್ಲಿ ಹೇಳಿಕೊಡುವವರು ಬೇಕಾದಷ್ಟು ಇದ್ದಾರೆ. ನಿಯಮ ಹಾಗಿಲ್ಲ. ಅಕ್ಕಿ ರೊಟ್ಟಿಯ ಪುಟಕ್ಕೆ ಉಳಿಯುವುದು ಹಳೆಯ ಸೈಟ್‌ಮ್ಯಾಪೇ, ಅಂದರೆ ಸೈಟಿನ ಪುಟಗಳ ಪಟ್ಟಿಯಿರುವ ಫೈಲು. ಸೈಟ್‌ಮ್ಯಾಪ್ ಬದಲಾಯಿತು ಅಂತ ಪಿಂಗ್ ಮಾಡುವ ದಾರಿಯನ್ನೂ ಗೂಗಲ್ 2023ರಲ್ಲಿ ಕೈಬಿಟ್ಟಿತು. ಪುಟ ತಿದ್ದಿದ ದಿನಾಂಕವನ್ನು ಸೈಟ್‌ಮ್ಯಾಪ್‌ನಲ್ಲಿ ಸರಿಯಾಗಿ ಕೊಡುವುದಷ್ಟೇ ನಮ್ಮ ಕೈಲಿರುವುದು.

ಇಲ್ಲಿಯವರೆಗೆ ಇಂಡೆಕ್ಸ್‌ನೌ ಮುಂದೆ. ಆದರೆ ನನ್ನ ಓದುಗರಲ್ಲಿ ಹೆಚ್ಚಿನವರು ಬರುವುದು ಗೂಗಲ್‌ನಿಂದ. ಮತ್ತು ಗೂಗಲ್‌ನ ಇನ್ನೊಂದು ಎಪಿಐ, ಸರ್ಚ್ ಕನ್ಸೋಲ್‌ನದ್ದು, ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕನ್ಸೋಲ್‌ನ ಪರದೆಯಲ್ಲಿ ಜನ ಏನು ಹುಡುಕಿದಾಗ ನಮ್ಮ ಸೈಟ್ ಕಂಡಿತು ಅನ್ನುವ ಸಾಲುಗಳು 1,000ಕ್ಕೆ ನಿಲ್ಲುತ್ತವೆ. ಎಪಿಐನಲ್ಲಿ ಒಂದು ಸಲಕ್ಕೆ 25,000 ಸಾಲು. ತೀರಾ ಅಪರೂಪದ ಹುಡುಕಾಟಗಳನ್ನು ಖಾಸಗಿತನಕ್ಕಾಗಿ ಅಲ್ಲೂ ಮರೆಮಾಡುತ್ತಾರೆ, ಅದು ಬೇರೆ ಮಾತು.

ಆ ಸಾಲುಗಳನ್ನು ಶೀಟಿಗೆ ಇಳಿಸಿ, ಕನ್ನಡ ಲಿಪಿಯವನ್ನು ಒಂದು ಕಡೆ, ಇಂಗ್ಲಿಷ್ ಅಕ್ಷರದವನ್ನು ಇನ್ನೊಂದು ಕಡೆ ಹಾಕಿದೆ. ಇಂಗ್ಲಿಷ್ ಅಕ್ಷರದ ಕಡೆ ರೊಟ್ಟಿಗೆ ಒಂದು 'ಟಿ', ಎರಡು 'ಟಿ', ಕೊನೆಗೆ 'ಐ', 'ಇ', ಮನಸ್ಸಿಗೆ ಬಂದ ಹಾಗೆ. ಕನ್ನಡ ಲಿಪಿಯಲ್ಲಿ ಹುಡುಕುವವರು 'ಮಾಡುವ ವಿಧಾನ' ಅಂತ ಪೂರ್ತಿ ಬರೆಯುತ್ತಾರೆ. ಪರದೆಯಲ್ಲಿ ಇವೆಲ್ಲ ಕೆಳಗೆಲ್ಲೋ ಕಳೆದುಹೋಗುತ್ತಿದ್ದವು. ಈಗ ತಲೆಬರಹ ಇಡುವುದೇ ಈ ಪಟ್ಟಿ ನೋಡಿಕೊಂಡು.

ಹೊಸ ಪುಟದ ಲಿಂಕನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಕ್ಸ್‌ನ (ಹಿಂದಿನ ಟ್ವಿಟರ್) ಎಪಿಐ 2023ರಿಂದ ದುಬಾರಿಯಾಗಿದೆ. ಅದರಂಥದ್ದೇ ಇನ್ನೊಂದು ಜಾಲತಾಣ ಮ್ಯಾಸ್ಟೋಡಾನ್‌ನದ್ದು ಉಚಿತ, ಎಪಿಐ ಬಳಸಲು ಬೇಕಾದ ಟೋಕನ್ ಕ್ಷಣದಲ್ಲಿ ಸಿಗುತ್ತದೆ, ಆದರೆ ನನ್ನ ಅಡುಗೆಯ ಓದುಗರು ಅಲ್ಲಿಲ್ಲ. ಅವರಿರುವುದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಅಲ್ಲಿಗೆ ಪುಟದ ಓಪನ್ ಗ್ರಾಫ್ ಟ್ಯಾಗ್‌ನಲ್ಲಿ (ಲಿಂಕ್ ಹಂಚಿದಾಗ ಯಾವ ಚಿತ್ರ, ತಲೆಬರಹ ಕಾಣಬೇಕು ಅಂತ ಹೇಳುವ ಸಾಲು) ಒಳ್ಳೆ ಚಿತ್ರ ಇದ್ದರೆ ಸಾಕು.

ಹೊಸದಾಗಿ ಶುರುಮಾಡುವವರು ಇಂಡೆಕ್ಸ್‌ನೌವನ್ನು ಸುಮ್ನೆ ಹಾಕಿಬಿಡಿ, ಖರ್ಚೇನೂ ಇಲ್ಲ. ಒಂದು ಸಂಜೆ ಬಿಡುವಿದ್ದರೆ ಅದನ್ನು ಸರ್ಚ್ ಕನ್ಸೋಲ್ ಎಪಿಐಗೆ ಕೊಡಿ. ಗೂಗಲ್‌ನ ಇಂಡೆಕ್ಸಿಂಗ್ ಎಪಿಐ ಉದ್ಯೋಗದ ಸೈಟಿನವರಿಗಿರಲಿ.